ಹಲಗಲಿಯ ಹತಾರ: ದಂಡನೀತಿಯ ದೃಷ್ಟಿಯಿಂದ ಒಂದು ವಿಚಾರ

ಮಸಗುಪ್ಪಿಯ ಕಡೆಯವರಿಗೆ ಹಲಗಲಿಯು ಪರದೇಶವಲ್ಲ. ಘಟಪ್ರಭೆಯ ಗುಂಟ ಮೂಡಲಿಗೆ ನಡೆದರೆ ಮುಧೋಳದ ಸೀಮೆಯು ಸಿಕ್ಕುವದು; ಹಲಗಲಿಯು ಆ ಸೀಮೆಯ ಊರು. ಇಂದು ಮಸಗುಪ್ಪಿಯು ಬೆಳಗಾವಿ ಜಿಲ್ಲೆಯ ಮೂಡಲಗಿ ತಾಲೂಕಿಗೂ ಹಲಗಲಿಯು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿಗೂ ಸೇರಿವೆ. 1857ರಲ್ಲಿ ಇವೆರಡರ ನಡುವಣ ಗೆರೆಯು ಇದಕ್ಕಿಂತ ಆಳವಾದದ್ದಾಗಿತ್ತು: ಗೋಕಾಕದ ನಾಡು ಕಂಪನಿ ಸರಕಾರದ ಆಳಿಕೆಗೆ ಒಳಪಟ್ಟಿದ್ದಿತು, ಹಲಗಲಿಯು ಘೋರ್ಪಡೆ ಮನೆತನದವರ ಮುಧೋಳ ಸಂಸ್ಥಾನದಲ್ಲಿದ್ದಿತು. ಈ ಗೆರೆಯ ಮಾತು ಮುಂದೆ ಬೇಕಾಗುವದರಿಂದ ಮೊದಲೇ ಹೇಳಿಟ್ಟಿದ್ದೇನೆ.

ಕೆಲವು ದಿನಗಳ ಹಿಂದೆ ಮಸಗುಪ್ಪಿಗೆ ಹೋಗಿದ್ದಾಗ ಕನ್ನಡ ಕಲಿಸುವ ಶಿಕ್ಷಕರೊಬ್ಬರು ಭೆಟ್ಟಿಯಾದರು. ಹಲಗಲಿ ಬೇಡರ ಲಾವಣಿಯು ಹತ್ತನೆಯ ಇಯತ್ತೆಯ ಪಠ್ಯದಲ್ಲಿ ಸೇರಿ ಬಂದಿರುವದು ವಾಚಕರಿಗೆ ಗೊತ್ತೇ ಇದೆ. ಆ ಪಾಠವನ್ನು ನಡೆಸುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದು ನಿಂತು ಕೇಳಿದ ಪ್ರಶ್ನೆಯನ್ನು ಅವರು ನನ್ನ ಮುಂದಿಟ್ಟರು. “ಶಾಸ್ತ್ರಿಗಳ, ‘ಕಾಯ್ದೆ ಮುರದವ್ರನ್ನ ಶೂರರು ಅಂತ ಯಾಕ ಕಲಸ್ತೀರಿ ಸರ’ ಅಂತ ಹುಡುಗ ಕೇಳಿದ. ನನಗ ಒಮ್ಮೆಲೆ ಉತ್ತರ ಹೊಳೀಲಿಲ್ರಿ. ನಿಮ್ಮ ಸ್ಮೃತಿಗಳೊಳಗ ಇದಕ್ಕೇನರ ಹೇಳ್ಯಾರೇನು?” ಎಂದರು. ನನಗೂ ಒಮ್ಮೆಲೆ ಉತ್ತರ ಹೊಳೆಯಲಿಲ್ಲ. ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಕಂಠಸ್ಥ ಮಾಡಿದ್ದ ಅಭಿಮಾನವು ಆ ಕ್ಷಣಕ್ಕೆ ಯಾವ ಉಪಯೋಗಕ್ಕೂ ಬಾರದೆ ಹೋಯಿತು. ಪ್ರಕೃತ ಲೇಖನವು ಆ ಶಿಕ್ಷಕರಿಗೆ ತಡವಾಗಿ ಕೊಟ್ಟ ಉತ್ತರವೆಂದು ತಿಳಿಯತಕ್ಕದ್ದು.

ಮೊದಲು ಕಾಯಿದೆಯ ಮಾತು. ಉತ್ತರ ಹಿಂದುಸ್ಥಾನದಲ್ಲಿ ದಂಗೆಯು ಹಬ್ಬಿದ ಮೇಲೆ, 1857ರ ಸಪ್ಟಂಬರದಲ್ಲಿ, ಕಲಕತ್ತೆಯ ವಿಧಾಯಕ ಮಂಡಲಿಯು ಆ ವರ್ಷದ 28ನೆಯ ಕಾಯಿದೆಯನ್ನು ಮಾಡಿತು. ಶಸ್ತ್ರಗಳನ್ನೂ ಮದ್ದುಗುಂಡುಗಳನ್ನೂ ಹೊರಗಿನಿಂದ ತರಿಸುವದು, ತಯಾರಿಸುವದು, ಮಾರುವದು, ಅವುಗಳನ್ನು ಇಟ್ಟುಕೊಳ್ಳುವ ಮತ್ತು ಬಳಸುವ ಹಕ್ಕನ್ನು ನಿಯಮಕ್ಕೊಳಪಡಿಸುವದು ಇವೇ ಅದರ ವಿಷಯಗಳು. ಕಾಯಿದೆಯ ಶಿರೋನಾಮವನ್ನು ಮಾತ್ರ ಓದಿದವರಿಗೆ ಇದರಲ್ಲಿ ಘೋರವಾದದ್ದೇನೂ ಕಾಣಲಾರದು. ನಿಯಮನವೆಂಬ ಮಾತು ಸೌಮ್ಯವಾದದ್ದು. ಆದರೆ ಲಾವಣಿಯನ್ನು ಕೇಳಿದವರಿಗೆ ಕಾಣುವ ಕಾಯಿದೆಯೇ ಬೇರೆ. ಅಲ್ಲಿ ವಿಲಾಯತಿಯಿಂದ ಹುಕುಮು ಬಂದಿದೆ. ಎಲ್ಲ ಜನರ ಕೈಯಿಂದ ಜೋರು ಮಾಡಿ ಹತಾರಗಳನ್ನು ಕಸಿದುಕೊಳ್ಳಬೇಕೆಂಬುದೇ ಆ ಹುಕುಮಿನ ತಾತ್ಪರ್ಯ. ಕಲಕತ್ತೆಯಲ್ಲಿ ‘ನಿಯಮನ’ವಾಗಿದ್ದದ್ದು ಹಲಗಲಿಯ ಅಗಸಿಯನ್ನು ಮುಟ್ಟುವಷ್ಟರಲ್ಲಿ ‘ಕಸಿಯುವಿಕೆ’ಯಾಗಿತ್ತು. ಹಾಡಿದವನು ಅತಿಶಯೋಕ್ತಿ ಮಾಡಿದನೆಂದು ಇದನ್ನು ತಳ್ಳಿಹಾಕುವದು ಸುಲಭ. ಆದರೆ ಪ್ರಜೆಗೆ ತಿಳಿಯುವ ಕಾಯಿದೆಯು ಪುಸ್ತಕದ ಕಾಯಿದೆಯಲ್ಲ, ಬಾಗಿಲಿಗೆ ಬಂದ ಸಿಪಾಯಿಯ ಬಾಯಲ್ಲಿರುವ ಕಾಯಿದೆ. ಆ ದೃಷ್ಟಿಯಿಂದ ಲಾವಣಿಕಾರನೇ ನಮಗೆ ಸಮೀಪದ ಸಾಕ್ಷಿ.

ಇಲ್ಲಿಯೇ ಮೇಲೆ ಹೇಳಿದ ಗೆರೆಯ ವಿಚಾರವು ಬರುತ್ತದೆ. ಕಂಪನಿಯ ವಿಧಾಯಕ ಮಂಡಲಿಯ ಶಾಸನವು ಕಂಪನಿಯ ಮುಲುಕಿಗೆ ಅನ್ವಯಿಸುವದು. ಸಂಸ್ಥಾನದ ಪ್ರಜೆಯನ್ನು ಅದು ತಾನಾಗಿ ಕಟ್ಟಲಾರದು. ಸಂಸ್ಥಾನಿಕನು ತನ್ನ ಹುಕುಮಿನಿಂದ ಅದನ್ನು ತನ್ನ ಪ್ರಜೆಯ ಮೇಲೆ ಹೇರಬೇಕು. ಮಸಗುಪ್ಪಿಯವನು ಆ ಕಾಯಿದೆಯನ್ನು ಮುರಿದಿದ್ದರೆ ತನ್ನ ಸರಕಾರದ ಶಾಸನವನ್ನೇ ಮುರಿದಂತಾಗುತ್ತಿತ್ತು. ಹಲಗಲಿಯವನಾದರೋ ತನ್ನ ರಾಜನು ಇನ್ನೊಬ್ಬರ ಒತ್ತಾಯಕ್ಕೆ ಹೊರಡಿಸಿದ ಆಜ್ಞೆಯನ್ನು ಮುರಿದನು. ಹುಕುಮು ಎಲ್ಲಿಂದ ಬಂದಿತೆಂಬದನ್ನು ಲಾವಣಿಯು ಮರೆಮಾಚದೆ ಹೇಳುವದು ಇದಕ್ಕಾಗಿಯೇ ಇರಬೇಕೆಂದು ನನಗೆ ತೋರುತ್ತದೆ.

ನಡೆದ ಸಂಗತಿಯು ಚಿಕ್ಕದು, ಬೇಗ ಮುಗಿದುಹೋದದ್ದು. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಸಲತ್ತು ಮಾಡಿ ಹತಾರ ಕೊಡಕೂಡದೆಂದು ನಿಶ್ಚಯಿಸಿದರೆಂದು ಲಾವಣಿಯು ಹೇಳುತ್ತದೆ. ಸಂಸ್ಥಾನದವರ ಮಾತು ನಡೆಯದಿರಲು ಕಂಪನಿಯ ದಂಡು ಬಂದಿತು. 1857ರ ನವೆಂಬರದ ಕೊನೆಗೆ ಊರನ್ನು ಮುತ್ತಿ ಬೆಂಕಿಯಿಟ್ಟರು. ಅನೇಕರು ಸತ್ತರು, ಅನೇಕರು ಸೆರೆಯಾದರು. ಡಿಸೆಂಬರದಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಕೂಡಿ 19 ಜನರನ್ನು ನೇಣಿಗೇರಿಸಿದರು. ಅದರ ಮರುವರ್ಷ ಮುಂಡರಗಿಯ ಭೀಮರಾಯನೂ ನರಗುಂದದ ಬಾಬಾಸಾಹೇಬನೂ ಎದ್ದು ಅಳಿದರು. ಅವರ ಕಥೆಗಳಲ್ಲಿಯೂ ಶಸ್ತ್ರಗಳ ಪ್ರಶ್ನೆಯಿದ್ದರೂ ಅವುಗಳನ್ನು ಇಲ್ಲಿ ವಿಸ್ತರಿಸುವದಿಲ್ಲ. ಅವರು ದೇಸಾಯಿ-ಸಂಸ್ಥಾನಿಕರ ವರ್ಗದವರು. ವಾಡೆಯೂ ವತನವೂ ಉಳ್ಳವರು. ಹಲಗಲಿಯವರಿಗೆ ಹತಾರವೊಂದೇ ಇದ್ದಿತು. ಫ್ಲೀಟ್ ಸಾಹೇಬರು 1880ರ ದಶಕದಲ್ಲಿ ಇಂಡಿಯನ್ ಆ್ಯಂಟಿಕ್ವರಿಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದಾಗ ಇದನ್ನೂ ಸೇರಿಸಿದ್ದು ಒಂದು ವಿಲಕ್ಷಣ ಯೋಗ. ಊರನ್ನು ಸುಟ್ಟ ಸರಕಾರದ ಅಧಿಕಾರಿಯೇ ಊರಿನ ಹಾಡನ್ನು ಉಳಿಸಿದನು.

ಈಗ ‘ಹತಾರ’ವೆಂಬ ಶಬ್ದವನ್ನು ಸ್ವಲ್ಪ ವಿಚಾರಿಸೋಣ. ಇದು ಹಿಂದಿ-ಮರಾಠಿಗಳಿಂದ ನಮ್ಮ ಸೀಮೆಗೆ ಬಂದದ್ದು. ಮರಾಠಿಯಲ್ಲಿ ಇದಕ್ಕೆ ಆಯುಧವೆಂಬ ಅರ್ಥವಿದ್ದಂತೆ ಉಪಕರಣವೆಂಬ ಅರ್ಥವೂ ಇದೆ. ನಮ್ಮ ಕಡೆಯ ಬಡಿಗರೂ ಕಂಬಾರರೂ ತಮ್ಮ ಸಾಮಾನಿಗೆ ಇಂದಿಗೂ ಹತ್ಯಾರವೆಂದೇ ಅನ್ನುವರು. ಕೊಡಲಿಯು ಕಟ್ಟಿಗೆ ಒಡೆಯುವಾಗ ಉಪಕರಣ, ಕಳ್ಳನು ಹಟ್ಟಿ ಹೊಕ್ಕಾಗ ಆಯುಧ. ಬೇಟೆಯಿಂದಲೂ ಊರಗಾವಲಿನಿಂದಲೂ ಹೊಟ್ಟೆ ಹೊರೆಯುವ ಜನರಲ್ಲಿ ಈ ಎರಡು ಅರ್ಥಗಳ ನಡುವೆ ಬೇಲಿ ಹಾಕುವದು ಇನ್ನೂ ಕಠಿಣ. ಹತಾರ ಹೋದರೆ ತಮ್ಮ ಜೀವವೇ ಹೋದಂತೆ ಎಂದು ಲಾವಣಿಯಲ್ಲಿ ಬೇಡರು ಆಡುವ ಮಾತನ್ನು ವೀರರಸದ ಉಕ್ಕೆಂದು ಮಾತ್ರ ಕಲಿಸುವದು ಸಾಲದು. ಅದರಲ್ಲಿ ಜೀವನೋಪಾಯದ ಲೆಕ್ಕವೂ ಇದೆ. ನಮ್ಮ ಈಗಿನ 1959ರ ಶಸ್ತ್ರ ಕಾಯಿದೆಯು ಕೇವಲ ಮನೆಬಳಕೆಗೂ ಒಕ್ಕಲುತನಕ್ಕೂ ಆದ ವಸ್ತುಗಳನ್ನು, ಲಾಠಿಯನ್ನು, ಊರುಗೋಲನ್ನು ‘ಶಸ್ತ್ರ’ದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾಯಿದೆ ಮಾಡುವವರಿಗೆ ಈ ಭೇದವು ಗೊತ್ತಾಗಲಿಕ್ಕೆ ಕಾಲವು ಹಿಡಿಯಿತೆಂದು ತಿಳಿಯಬೇಕು.

ಇನ್ನು ಸ್ಮೃತಿಗಳ ಕಡೆಗೆ ಬರೋಣ. ಶಸ್ತ್ರವನ್ನು ರಾಜನು ನಿಯಮಕ್ಕೊಳಪಡಿಸುವದೇ ಅನ್ಯಾಯವೆಂದು ನಮ್ಮ ಗ್ರಂಥಗಳ ಆಧಾರದಿಂದ ಹೇಳಲು ಬರುವದಿಲ್ಲ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತು, ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿರಿ. ಶಸ್ತ್ರ-ಕವಚಗಳನ್ನು ಆಯುಧಾಗಾರದಲ್ಲಿ ಸೇರಿಸತಕ್ಕದ್ದೆಂದೂ, ಮುದ್ರೆಯ ಅನುಜ್ಞೆ ಪಡೆದವರ ಹೊರತು ಉಳಿದವರು ನಿಶ್ಶಸ್ತ್ರರಾಗಿ ತಿರುಗಾಡತಕ್ಕದ್ದೆಂದೂ ಅವನು ವಿಧಿಸಿದ್ದಾನೆ. ಲೈಸೆನ್ಸೆಂಬದು ಇಂಗ್ಲಿಷರ ನೂತನ ಸೃಷ್ಟಿಯೆಂದು ತಿಳಿದವರು ಇದನ್ನು ಗಮನಿಸಬೇಕು. ಸುರೆಯ ವಿಷಯದಲ್ಲಿಯೂ ಅವನ ರೀತಿಯು ಹೀಗೆಯೇ. ಸುರಾಧ್ಯಕ್ಷನನ್ನು ನೇಮಿಸಿ, ಮಾರುವ ಸ್ಥಾನವನ್ನೂ ಕುಡಿಯುವ ಪ್ರಮಾಣವನ್ನೂ ಕಟ್ಟಿಹಾಕಿ, ಉತ್ಸವ-ಯಾತ್ರೆಗಳ ಕಾಲಕ್ಕೆ ನಾಲ್ಕು ದಿನ ಸಡಿಲು ಬಿಡುತ್ತಾನೆ. 1949ರ ಮುಂಬಯಿ ಪಾನನಿಷೇಧ ಕಾಯಿದೆಯು ಆಗ ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಬೆಳಗಾವಿ ಜಿಲ್ಲೆಗೂ ತಗಲಿದ್ದಿತು; ಅದರ ಕರ್ತೃಗಳು ಕೌಟಿಲ್ಯನಿಗಿಂತ ಕಟುವಾದ ವ್ರತಧಾರಿಗಳು. ಇದು ಪ್ರಾಸಂಗಿಕವಾಗಿ ಬಂದ ಮಾತು, ಅದಿರಲಿ.

ರಾಜನು ನಿಯಮಿಸಬಹುದು. ಯಾರನ್ನು, ಯಾವ ರೀತಿಯಿಂದ ನಿಯಮಿಸಬಹುದೆಂಬದೇ ಪ್ರಶ್ನೆ. ಇದಕ್ಕೆ ಯಾಜ್ಞವಲ್ಕ್ಯನ ಆಚಾರಾಧ್ಯಾಯದ ರಾಜಧರ್ಮಪ್ರಕರಣದಲ್ಲಿ ಒಂದು ಸ್ಪಷ್ಟವಾದ ವಿಧಿಯುಂಟು. ಪರದೇಶವು ವಶವಾದಾಗ ಆ ದೇಶದಲ್ಲಿ ಯಾವ ಆಚಾರ, ಯಾವ ವ್ಯವಹಾರ, ಯಾವ ಕುಲಸ್ಥಿತಿಗಳು ನಡೆದುಬಂದಿರುವವೋ ಅವುಗಳನ್ನು ಗೆದ್ದ ರಾಜನು ಹಾಗೆಯೇ ಕಾಪಾಡಬೇಕೆಂಬದು ಅದರ ಅಭಿಪ್ರಾಯ. ಬೇಡರ ಶಸ್ತ್ರಧಾರಣವು ಕುಲಸ್ಥಿತಿಯೂ ದೇಶಾಚಾರವೂ ಹೌದೆಂಬದಕ್ಕೆ ಲಾವಣಿಯೊಂದೇ ಆಧಾರವಲ್ಲ. ಕನ್ನಡನಾಡಿನ ವೀರಗಲ್ಲುಗಳನ್ನು ನೋಡಿರಿ. ತುರುಗೋಳಿನಲ್ಲಿ ದನಗಳನ್ನು ಮರಳಿಸಿ ಸತ್ತವರು, ಊರಳಿವಿನಲ್ಲಿ ಕಾದಿ ಬಿದ್ದವರು, ಹೆಣ್ಣಿನ ಮಾನಕ್ಕಾಗಿ ಮಡಿದವರು ಆ ಕಲ್ಲುಗಳ ಮೇಲಿದ್ದಾರೆ. ಅವರಲ್ಲಿ ಎಲ್ಲರೂ ಸಾಮಂತರೇ? ಬಿಲ್ಲು, ಬಾಣ, ಸುರಗಿಗಳನ್ನು ಹಿಡಿದ ಸಾಮಾನ್ಯ ಊರಿನವರೇ ಅಲ್ಲಿ ಹೆಚ್ಚು. ರಾಜರು ಅವರ ಶಸ್ತ್ರಗಳನ್ನು ಕಸಿಯಲಿಲ್ಲ. ಸತ್ತವರ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿಯನ್ನು ಕೊಟ್ಟರು. 1857ರಲ್ಲಿ ಹಲಗಲಿಯಲ್ಲಿ ನಡೆದದ್ದು ಶಾಸನಗಳ ಪರಿಭಾಷೆಯಲ್ಲಿ ಊರಳಿವೇ. ಅಲ್ಲಿ ಕಲ್ಲಿನ ಬದಲಾಗಿ ಹಾಡು ನಿಂತಿತು.

ಇಲ್ಲಿಗೆ ವಾದವನ್ನು ನಿಲ್ಲಿಸಿದರೆ ನನ್ನ ಕೆಲಸವು ಸುಲಭವಾಗುತ್ತಿತ್ತು. ಆದರೆ ಶಿಕ್ಷಕರು ಕೇಳಿದ್ದು ಸ್ಮೃತಿಗಳು ಏನು ಹೇಳುವವೆಂಬದನ್ನು; ಅವು ಹೇಳುವ ಹಿತವಾದ ಮಾತನ್ನಷ್ಟೇ ಅಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಧರ್ಮಕ್ಕೆ ಅಡ್ಡಿಯೊದಗಿದಾಗ ಶಸ್ತ್ರವನ್ನು ಹಿಡಿಯಬಹುದೆಂಬ ಅನುಮತಿಯಿದೆ. ಆ ಅನುಮತಿಯು ಶಬ್ದಶಃ ದ್ವಿಜಾತಿಗಳಿಗೆ ಕೊಟ್ಟದ್ದು. ಬೇಡರನ್ನು ನಮ್ಮ ಹಳೆಯ ಪಂಡಿತರು ಆ ಗಣನೆಯಲ್ಲಿ ಹಿಡಿಯುತ್ತಿರಲಿಲ್ಲ. ರಾಜದ್ರೋಹಕ್ಕೆ ಸ್ಮೃತಿಗಳಲ್ಲಿ ವಧದಂಡವೇ ಇದೆ. ಹೀಗಾಗಿ ಕಲಕತ್ತೆಯ ಕಾಯಿದೆಯು ಅವರನ್ನು ಎಲ್ಲಿ ನಿಲ್ಲಿಸಿತೋ ಮನುವಿನ ಅಕ್ಷರವೂ ಅವರನ್ನು ಹೆಚ್ಚುಕಡಮೆ ಅಲ್ಲಿಯೇ ನಿಲ್ಲಿಸುವದು. ಇದನ್ನು ಬರೆಯುವಾಗ ನನಗೆ ಸಂಕೋಚವಾಗುತ್ತದೆ. ಆದರೂ ಬರೆಯದೆ ಇರುವದು ಅಪ್ರಾಮಾಣಿಕತೆಯಾದೀತು.

ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಶಾಂತಿಪರ್ವವು ತೋರಿಸುತ್ತದೆ. ಅರಸನು ಕಾಪಾಡಲಾರದೆ ಹೋಗಿ ದಸ್ಯುಗಳು ಹೆಚ್ಚಿದಾಗ, ಕ್ಷತ್ರಿಯನಲ್ಲದವನು ಶಸ್ತ್ರ ಹಿಡಿದು ಜನರನ್ನು ಕಾಯ್ದರೆ ಅವನನ್ನು ಏನೆನ್ನಬೇಕೆಂದು ಯುಧಿಷ್ಠಿರನು ಕೇಳುತ್ತಾನೆ. ದಡವಿಲ್ಲದಲ್ಲಿ ದಡವಾದವನು, ಹರಿಗೋಲಿಲ್ಲದಲ್ಲಿ ಹರಿಗೋಲಾದವನು ಶೂದ್ರನಿರಲಿ ಮತ್ತೊಬ್ಬನಿರಲಿ ಸರ್ವಥಾ ಮಾನಕ್ಕೆ ಅರ್ಹನು ಎಂಬುದು ಭೀಷ್ಮನ ಉತ್ತರದ ಸಾರ. ಇಲ್ಲಿ ಶಸ್ತ್ರದ ಅಧಿಕಾರವು ಜನ್ಮದಿಂದ ಬಾರದೆ ರಕ್ಷಣದಿಂದ ಬರುವದು. ಮುಧೋಳದ ರಾಜನು ಹಲಗಲಿಯನ್ನು ಕಂಪನಿಯ ಬೆಂಕಿಯಿಂದ ಕಾಪಾಡಲಿಲ್ಲವೆಂಬದು ನಿರ್ವಿವಾದ. ಹಾಗಾದರೆ ಯುಧಿಷ್ಠಿರನ ಪ್ರಶ್ನೆಯು ಹಲಗಲಿಯವರಿಗೂ ಅನ್ವಯಿಸುವದೆಂದು ನಾನು ತಿಳಿಯುತ್ತೇನೆ. ಬೇಡರು ಹುಕುಮನ್ನು ಮುರಿದದ್ದು ಬೆಂಕಿಗಿಂತ ಮೊದಲು, ಅನಂತರವಲ್ಲವೆಂದು ಆಕ್ಷೇಪಿಸುವವರಿರಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಬರಲಿರುವ ಕೇಡನ್ನು ಅವರು ಮುಂಗಂಡರೋ, ತಮ್ಮ ಪ್ರತಿಕಾರದಿಂದಲೇ ಅದನ್ನು ಬರಮಾಡಿಕೊಂಡರೋ ಎಂಬುದನ್ನು ವರ್ಗದಲ್ಲಿ ಚರ್ಚೆಗಿಡುವದೇ ಲೇಸು.

ಈಗ ಇನ್ನೊಂದು ಪ್ರಾಂತಕ್ಕೆ ಹೋಗೋಣ, ಯಾಕಂದರೆ ಹಲಗಲಿಯ ನ್ಯಾಯಾನ್ಯಾಯಗಳು ತುಲನೆಯಿಂದ ಸ್ಪಷ್ಟವಾಗುವವು. 1857ರ ಶಾಸನದ ತರುವಾಯ 1860ರಲ್ಲಿ ಆ ವರ್ಷದ 31ನೆಯ ಕಾಯಿದೆಯು ಬಂದಿತು. 1861ರ ಫೆಬ್ರವರಿಯಲ್ಲಿ ಮಾರ್ಕ್ ಕಬ್ಬನ್ನರು ಮಡಿಕೇರಿಯಿಂದ ಒಂದು ಪ್ರಕಟನೆಯನ್ನು ಹೊರಡಿಸಿ ಕೊಡಗಿನ ಜನರನ್ನು ಅದರ ಕಟ್ಟಿನಿಂದ ಬಿಡಿಸಿದರು. ಆ ಪ್ರಕಟನೆಯು ಕೊಟ್ಟ ಕಾರಣಗಳೆಂದರೆ ಕೊಡವರ ಶೌರ್ಯ, ಅವರ ನಿಷ್ಠೆ, ಸರಕಾರಕ್ಕೆ ಅವರು ಮಾಡಿದ ಸೇವೆ. ಕೈಲ್ ಪೊಳ್ದ್ ಹಬ್ಬದಲ್ಲಿ ಆಯುಧಗಳನ್ನು ಪೂಜಿಸುವ ಕೊಡವರಿಗೆ ಶಸ್ತ್ರವು ಕುಲಾಚಾರವೆಂಬದರಲ್ಲಿ ಸಂಶಯವಿಲ್ಲ. ಅವರಿಗೆ ದೊರೆತ ವಿನಾಯಿತಿಯನ್ನು ಕಂಡು ನಾನು ಅಸೂಯೆಪಡುವವನೂ ಅಲ್ಲ. ಆದರೆ ಹಲಗಲಿಯಲ್ಲಿ ಗಲ್ಲು ನಿಂತು ನಾಲ್ಕು ವರ್ಷ ತುಂಬುವದರೊಳಗೆ ಅದೇ ಆಳಿಕೆಯವರು ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ ಅದೇ ಹಕ್ಕನ್ನು ಬಹುಮಾನವಾಗಿ ಕೊಟ್ಟರಲ್ಲ! ಕುಲಾಚಾರವೇ ಕಾರಣವಾಗಿದ್ದರೆ ಎರಡೂ ಕಡೆಗೆ ಕೊಡಬೇಕಾಗಿತ್ತು. ಲೋಕರಕ್ಷಣೆಯೇ ಕಾರಣವಾಗಿದ್ದರೆ ಎರಡೂ ಕಡೆಗೆ ಕಟ್ಟಬೇಕಾಗಿತ್ತು. ಎಲ್ಲಿ ನಿಷ್ಠೆಯಿತ್ತೋ ಅಲ್ಲಿ ಆಚಾರವು ಕಣ್ಣಿಗೆ ಬಿದ್ದಿತು, ಎಲ್ಲಿ ನಿಷ್ಠೆಯಿರಲಿಲ್ಲವೋ ಅಲ್ಲಿ ಅಪರಾಧವು ಕಣ್ಣಿಗೆ ಬಿದ್ದಿತು. 1878ರ ಶಸ್ತ್ರ ಕಾಯಿದೆಯಲ್ಲಿ ಯುರೋಪಿಯನ್ನರಿಗೆ ವಿನಾಯಿತಿ ದೊರೆತದ್ದೂ ಈ ನ್ಯಾಯದ ಮೇಲೆಯೇ.

ಸ್ವಾತಂತ್ರ್ಯವು ಬಂದ ಮೇಲೂ ಈ ವಾದವು ಮುಗಿಯಲಿಲ್ಲ. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೊಳಪಟ್ಟು ಶಸ್ತ್ರವನ್ನು ಇಟ್ಟುಕೊಳ್ಳುವ ಹಕ್ಕು ಸೇರಿದ್ದಿತು. 1948ರ ಡಿಸೆಂಬರದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ಸಂವಿಧಾನ ಸಭೆಯಲ್ಲಿ ಆ ಠರಾವನ್ನು ನೆನಪಿಸಿ, ಅದೇ ಹಕ್ಕನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಡಾ. ಅಂಬೇಡಕರರು ಅದನ್ನು ವಿರೋಧಿಸಿದರು, ತಿದ್ದುಪಡಿಯು ಬಿದ್ದುಹೋಯಿತು. ಪರತಂತ್ರದಲ್ಲಿ ಬೇಡಿದ ಹಕ್ಕನ್ನು ಸ್ವತಂತ್ರವಾದ ಮೇಲೆ ಬೇಡವೆಂದದ್ದು ಅಸಂಗತವೆಂದು ಕೆಲವರು ಹೇಳುವರು. ನನಗೆ ಹಾಗೆ ತೋರುವದಿಲ್ಲ. ಆಳುವವನನ್ನು ಆರಿಸುವ, ಇಳಿಸುವ ಅಧಿಕಾರವೇ ಪ್ರಜೆಯ ಕೈಗೆ ಬಂದ ಮೇಲೆ ಶಸ್ತ್ರದ ಅರ್ಥವು ಬದಲಾಗತಕ್ಕದ್ದೇ. ಕೊಡಗಿನ ವಿನಾಯಿತಿಯು ಮಾತ್ರ 1959ರ ಕಾಯಿದೆಯ ಕೆಳಗೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ವಿಸ್ತರಿಸಿತು. ಅದು ಸಮಾನತೆಯ ತತ್ತ್ವಕ್ಕೆ ವಿರುದ್ಧವೆಂದು ಹೂಡಿದ ಅರ್ಜಿಯನ್ನು ಕರ್ನಾಟಕದ ಉಚ್ಚ ನ್ಯಾಯಾಲಯವು 2021ರಲ್ಲಿ ತಳ್ಳಿಹಾಕಿತು. ಕಬ್ಬನ್ನರ ಪ್ರಕಟನೆಯಿಂದ ಎಣಿಸಿದರೆ ಅದಾಗಲೇ 160 ವರ್ಷಗಳು ಸಂದಿದ್ದವು.

ಕೊನೆಯದಾಗಿ ದಂಡದ ಪ್ರಮಾಣ. ಅಪರಾಧ, ದೇಶ, ಕಾಲ, ಬಲ, ವಯಸ್ಸು, ಕರ್ಮ, ವಿತ್ತ ಇಷ್ಟನ್ನೂ ತಿಳಿದು ದಂಡವನ್ನು ವಿಧಿಸಬೇಕೆಂದು ಯಾಜ್ಞವಲ್ಕ್ಯನು ಹೇಳುತ್ತಾನೆ. ವಾಗ್ದಂಡ, ಧಿಗ್ದಂಡ, ಧನದಂಡಗಳು ಸಾಲದಾದಾಗ ವಧದಂಡ, ಏರುವ ಮೆಟ್ಟಿಲುಗಳಿವು. ಹಲಗಲಿಯಲ್ಲಿ ನವೆಂಬರದ ಕೊನೆಗೆ ದಂಡು ಬಂದು ಡಿಸೆಂಬರದಲ್ಲಿ ಗಲ್ಲುಗಳು ಏರಿದವು. ದೇಶಕಾಲಗಳನ್ನು ವಿಚಾರಿಸಲು ಅಲ್ಲಿ ಎಷ್ಟು ಅವಕಾಶವಿತ್ತೆಂಬದನ್ನು ವಾಚಕರೇ ಊಹಿಸಬಹುದು. ಇದಕ್ಕಿಂತಲೂ ಗುರುತರವಾದದ್ದು ಊರಿಗಿಟ್ಟ ಬೆಂಕಿ. ಬೆಂಕಿಯಿಡುವವನನ್ನು ನಮ್ಮ ಧರ್ಮಸೂತ್ರಗಳು ಆತತಾಯಿಗಳ ಸಾಲಿನಲ್ಲಿ ಮೊದಲನೆಯವನಾಗಿ ಎಣಿಸುತ್ತವೆ. ದಂಡಾರ್ಹರಲ್ಲದವರನ್ನು ದಂಡಿಸುವ ರಾಜನಿಗೆ ಅಪಕೀರ್ತಿಯೂ ನರಕವೂ ತಪ್ಪಲಾರವೆಂದು ಮನುವೇ ಹೇಳಿದ್ದಾನೆ. ನಾಲ್ವರು ಮಸಲತ್ತು ಮಾಡಿದರೆ ಊರೆಲ್ಲ ಸುಡಬೇಕೆಂಬ ನ್ಯಾಯವು ಯಾವ ಗ್ರಂಥದಲ್ಲಿಯೂ ಇಲ್ಲ.

ಲಾವಣಿಯ ಕೊನೆಯಲ್ಲಿ ದಂಡಿನವರು ಸುಲಿದೊಯ್ದ ವಸ್ತುಗಳ ಪಟ್ಟಿಯೊಂದು ಬರುತ್ತದೆ. ಪಾಠ ಮಾಡುವಾಗ ಅದನ್ನು ಅವಸರದಿಂದ ದಾಟಿಹೋಗುವ ರೂಢಿಯಿದೆ. ಹಾಗೆ ಮಾಡಬಾರದೆಂದು ನನ್ನ ವಿನಂತಿ. ಎಮ್ಮೆ, ಹಸು, ಎತ್ತುಗಳು, ಕೊಡಲಿ, ಕುಡ, ಹಾಲು, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಬೆಲ್ಲ, ಗಂಗಾಳ, ಚರಿಗೆ, ಮಂಗಳಸೂತ್ರ, ಬೀಸುವ ಕಲ್ಲು. ಹತಾರಗಳನ್ನು ಕೇಳಿಕೊಂಡು ಬಂದವರು ಒಯ್ದದ್ದು ಇವುಗಳನ್ನು. ಕಲಕತ್ತೆಯ ಶಾಸನದಲ್ಲಿ ಬೆಣ್ಣೆಯ ಹೆಸರಿಲ್ಲ, ಬೀಸುವ ಕಲ್ಲಿನ ಹೆಸರಿಲ್ಲ.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಕಟ್ಟಕಡೆಯ ಶ್ಲೋಕವು ಪ್ರಜೆಯ ಅಪರಾಧವನ್ನು ಕುರಿತದ್ದಲ್ಲ, ರಾಜನ ಅಪರಾಧವನ್ನು ಕುರಿತದ್ದು. ಅನ್ಯಾಯದಿಂದ ದಂಡವನ್ನು ತೆಗೆದುಕೊಂಡ ರಾಜನು ಅದರ ಮೂವತ್ತು ಪಟ್ಟನ್ನು ವರುಣನಿಗೆ ನಿವೇದಿಸಿ ವಿಪ್ರರಿಗೆ ಕೊಡಬೇಕೆಂದು ಅದರ ಅರ್ಥ. ವಿಪ್ರರಿಗೆ ಕೊಟ್ಟರೆ ಸುಲಿಗೆಗೊಳಗಾದವನಿಗೆ ಬಂದದ್ದೇನು ಎಂಬ ಸಂಶಯವು ಯಾರಿಗಾದರೂ ಬರುವಂಥದೇ. ಆ ಸಂಶಯವು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇದೇ ಕನ್ನಡನಾಡಿನ ಕಲ್ಯಾಣದಲ್ಲಿ ಕುಳಿತು ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನಿಗೂ ಬಂದಿದ್ದಿತು. ಯಾರಿಂದ ಎಷ್ಟನ್ನು ಅನ್ಯಾಯವಾಗಿ ತೆಗೆದುಕೊಂಡಿತೋ ಅಷ್ಟನ್ನು ಅವರಿಗೇ ತಿರುಗಿ ಕೊಡತಕ್ಕದ್ದು, ಇಲ್ಲವಾದರೆ ರಾಜನಿಗೆ ಕಳವಿನ ದೋಷವೇ ತಗಲುವದೆಂದು ಅವನು ಆ ಶ್ಲೋಕಕ್ಕೆ ತನ್ನ ಮಾತನ್ನು ಕೂಡಿಸಿದನು. ಮಸಗುಪ್ಪಿಯ ಶಿಕ್ಷಕರಿಗೆ ನಾನು ಈ ವಾಕ್ಯದ ಅರ್ಥವನ್ನು ಬರೆದು ಕಳಿಸಿದ್ದೇನೆ. ಆ ವಿದ್ಯಾರ್ಥಿಯ ಮುಂದೆ ಅದನ್ನೂ ಲಾವಣಿಯ ಪಟ್ಟಿಯನ್ನೂ ಅಕ್ಕಪಕ್ಕದಲ್ಲಿಟ್ಟು ಓದಿಸಬೇಕೆಂದು ಕೇಳಿಕೊಂಡಿದ್ದೇನೆ.